ಹಿತ್ತಿಲ ಕೋಣೆಯ ವಾರ್ಡಮ್ಮ

“ರಾತ್ರಿ ಯಾರಾದ್ರೂ ನೀರು ಕೇಳಿದ್ರಾ?”

ಇನ್ನೂ ಬೆಳಕು ಹರಿದಿಲ್ಲ. ಹಿತ್ತಿಲ ಕೋಣೆಯ ಬಾಗಿಲು ತೆರೆದು, ಹೊಸ್ತಿಲ ಮೇಲೆ ನಿಂತು, ಆಕೆ ಕತ್ತಲೆಗೆ ಹೀಗೆ ಕೇಳುತ್ತಾರೆ. ಉತ್ತರ ಹೇಳುವವರು ಅಲ್ಲಿ ಯಾರೂ ಇಲ್ಲ. ಇರುವುದು ಒಂದು ಕಬ್ಬಿಣದ ಮಂಚ, ಅದರ ಮೇಲೆ ಪಕ್ಕೆಯೂರಿ ಮಲಗಿದ ಒಂದು ನಾಯಿ, ಮೂಲೆಯಲ್ಲಿ ಸಣ್ಣಗೆ ತೊಟ್ಟಿಕ್ಕುವ ನಲ್ಲಿ. ಆಸ್ಪತ್ರೆಯ ವಾರ್ಡಿಗೆ ಬೆಳಗಿನ ಪಾಳಿಗೆ ಬಂದಾಗಲೆಲ್ಲ ರಾತ್ರಿ ಪಾಳಿಯವಳನ್ನು ಕೇಳುತ್ತಿದ್ದ ಪ್ರಶ್ನೆ ಅದು. ಪಾಳಿ ಮುಗಿದು ಎಷ್ಟೋ ಕಾಲವಾಯಿತು. ಪ್ರಶ್ನೆ ನಾಲಿಗೆಯನ್ನು ಬಿಟ್ಟು ಹೋಗಿಲ್ಲ.

“ನಾನು ಕೇಳಿದ್ದೆ ಕಣಕ್ಕಾ,” ಎಂದು ಒಳಗಿನ ಕೋಣೆಯಿಂದ ತಂಗಿಯ ದನಿ ಬರುತ್ತದೆ. “ನಿನ್ನ ಗೊರಕೆ ಸದ್ದಲ್ಲಿ ನನ್ನ ಮಾತು ಯಾರಿಗೆ ಕೇಳ್ಬೇಕು?”

“ನಿನ್ನ ಬಾಯಿಗಿಷ್ಟು ಬೀಗ ಹಾಕ,” ಎನ್ನುತ್ತ ಅಕ್ಕ ದೀಪ ಹಾಕುತ್ತಾರೆ.

ಬೀದಿಯವರು ಈಕೆಯನ್ನು ಕರೆಯುವುದು ವಾರ್ಡಮ್ಮ ಎಂದು. ಊರಿನ ದೊಡ್ಡಾಸ್ಪತ್ರೆಯಲ್ಲಿ ಆಯಾ ಆಗಿದ್ದವರು. ನಿವೃತ್ತರಾದ ಮೇಲೆ, ತಮ್ಮ ಬಾಡಿಗೆ ಮನೆಯ ಹಿತ್ತಿಲ ಕೋಣೆಯಲ್ಲಿ, ಕಾಯಿಲೆ ಬಿದ್ದ ನಾಯಿಗಳ ಆರೈಕೆ ಮಾಡುತ್ತಿದ್ದಾರೆ. ಪ್ರಾಣಿಗಳ ಆಸ್ಪತ್ರೆಯಲ್ಲಿ ದಾಖಲು ಮಾಡಿಸಲು ಕೈಯಲ್ಲಾಗದವರು ತಮ್ಮ ನಾಯಿಯನ್ನು ಗೋಣಿಯಲ್ಲಿ, ತಳ್ಳುಗಾಡಿಯಲ್ಲಿ, ಹೆಗಲ ಮೇಲೆ ಹೊತ್ತು ಈ ಬಾಗಿಲಿಗೆ ತರುತ್ತಾರೆ. ಔಷಧಿಯನ್ನು ವೈದ್ಯರು ಬರೆದಿರುತ್ತಾರೆ. ಔಷಧಿಯಾಚೆಗಿನ ಹಗಲು ಇರುಳು ವಾರ್ಡಮ್ಮನ ಪಾಲು.

ಈಗ ಮಂಚದ ಮೇಲಿರುವುದು ಬೂದಿ. ಬಣ್ಣವೂ ಬೂದಿ, ಹೆಸರೂ ಬೂದಿ. ಉಣ್ಣಿ ಕಚ್ಚಿ ಬಂದ ಜ್ವರ ರಕ್ತವನ್ನೆಲ್ಲ ತಿಂದುಹಾಕಿದೆ. ಹಿಂಗಾಲುಗಳಿಗೆ ಎದ್ದು ನಿಲ್ಲುವ ತ್ರಾಣವಿಲ್ಲ. ವಾರ್ಡಮ್ಮ ಅದರ ತುಟಿಯನ್ನು ಹೆಬ್ಬೆರಳಿನಿಂದ ಮೆಲ್ಲಗೆ ಎತ್ತಿ ಒಸಡು ನೋಡುತ್ತಾರೆ. ಒಸಡು ಸುಣ್ಣದ ಗೋಡೆಯ ಹಾಗೆ ಬಿಳಿಚಿಕೊಂಡಿದೆ. ತುಟಿಯನ್ನು ಮತ್ತೆ ಇದ್ದಂತೆ ಇಡುತ್ತಾರೆ.

ಆಮೇಲೆ ಮಗ್ಗುಲು ಬದಲಿಸುವ ಕೆಲಸ. ನಾಯಿಯನ್ನು ಎತ್ತುವುದಿಲ್ಲ. ಅದು ಮಲಗಿರುವ ದುಪ್ಪಟಿಯ ಎರಡು ಚುಂಗು ಹಿಡಿದು, ಮೊಣಕಾಲನ್ನು ಮಂಚದ ಅಂಚಿಗೆ ಆನಿಸಿ, ನೀರಿನ ಮೇಲೆ ಎಲೆ ಹೊರಳಿದಷ್ಟು ಹಗುರವಾಗಿ ಹೊರಳಿಸುತ್ತಾರೆ. “ಮೈ ಎಳೀಬಾರ್ದು, ಬಟ್ಟೆ ಎಳೀಬೇಕು. ಮೈ ಎಳೆದ್ರೆ ಚರ್ಮ ಕಿತ್ತು ಹುಣ್ಣಾಗುತ್ತೆ,” ಎನ್ನುತ್ತಾರೆ. ಒದ್ದೆಯಾದ ಬಟ್ಟೆ ತೆಗೆದು ಒಣಗಿದ್ದನ್ನು ಹಾಸುತ್ತಾರೆ. ಮೊಣಕೈ ಊರುವ ಕಡೆ ಹತ್ತಿಯ ಸಿಂಬಿ ಇಡುತ್ತಾರೆ. ಮಂಚದ ಕಾಲ ಬಳಿ ಒಂದು ಹಿಡಿಯಿದೆ. ಅದನ್ನು ತಿರುಗಿಸಿದರೆ ಕಿರ್ರೆನ್ನುತ್ತ ತಲೆಯ ಭಾಗ ಮೇಲೇಳುತ್ತದೆ. ತಲೆ ಎತ್ತರಕ್ಕೆ ಬಂದ ಮೇಲೆ ಕೆನ್ನೆಯ ಸಂದಿಯಿಂದ ಒಂದೊಂದೇ ಚಮಚ ನೀರು. ಗಂಟಲಿಗೆ ನೇರವಾಗಿ ಹುಯ್ಯುವ ಹಾಗಿಲ್ಲ. ನುಂಗಿತೋ ಇಲ್ಲವೋ ಎಂದು ಕತ್ತಿನ ಮೇಲೆ ಬೆರಳಿಟ್ಟು ನೋಡಿ, ಆಮೇಲೆ ಇನ್ನೊಂದು.

ನೀರು ಕುಡಿಸುವಾಗ ಆಕೆಯ ಬಾಯಲ್ಲಿ ಒಂದು ರಾಗವಿರುತ್ತದೆ. ಮಾತಿಲ್ಲದ ರಾಗ. ಏರಿ, ಒಂದು ಕಡೆ ನಿಂತು, ಯಾರನ್ನೋ ಕರೆದ ಹಾಗೆ ಕಾದು, ಮತ್ತೆ ಇಳಿಯುತ್ತದೆ. ಕಿವಿಗೊಟ್ಟು ಕೂತರೆ ಅದು ಪದ್ಯ ಓದುವವರ ಧಾಟಿ ಎಂದು ತಿಳಿಯುತ್ತದೆ. ಎಲ್ಲಿಯದು ಎಂದು ಕೇಳಿದಾಗ ಚಮಚ ಕೆಳಗಿಡುತ್ತಾರೆ.

“ಮೂಲೆ ಮಂಚದ ತಾತಂದು,” ಎನ್ನುತ್ತಾರೆ.

ಆ ವಾರ್ಡನ್ನು ವಾರ್ಡಮ್ಮ ವರ್ಣಿಸಲು ತೊಡಗಿದರೆ ಕೇಳುವವರು ಅದರೊಳಗೆ ಹೋಗಿ ನಿಂತಂತಾಗುತ್ತದೆ. ಉದ್ದನೆಯ ಹಜಾರ. ಎರಡೂ ಕಡೆ ಮಂಚಗಳ ಸಾಲು. ಮನುಷ್ಯರ ಕೈಗೆಟುಕದಷ್ಟು ಎತ್ತರದ ಕಿಟಕಿಗಳು, ಅವುಗಳಿಂದ ಇಳಿದು ನೆಲದ ಮೇಲೆ ಚೌಕಚೌಕವಾಗಿ ಬೀಳುವ ಬಿಸಿಲು. ಬೆಳಿಗ್ಗೆ ಫಿನಾಯಿಲಿನ ವಾಸನೆ, ಸಂಜೆ ನೋಡಲು ಬಂದವರು ಸುಲಿದ ಕಿತ್ತಲೆಯ ವಾಸನೆ. “ಕಣ್ಣು ಕಟ್ಟಿಬಿಟ್ರೂ ಎಷ್ಟು ಹೊತ್ತು ಅಂತ ಹೇಳ್ತಿದ್ದೆ, ಬರೀ ಮೂಗಲ್ಲಿ,” ಎಂದು ನಗುತ್ತಾರೆ. ಆ ಹಜಾರದ ಮೂಲೆಯ ಮಂಚದಲ್ಲಿ ಒಬ್ಬರು ಮುದುಕರಿದ್ದರು. ಸೊಂಟದ ಕೆಳಗೆ ಸ್ವಾಧೀನವಿರಲಿಲ್ಲ. ಕಣ್ಣೂ ಮಂಜು. ಬೆಳಕು ಹರಿಯುವ ಹೊತ್ತಿಗೆ, ಯಾರೂ ಕೇಳದಿದ್ದರೂ, ತಾವು ಬಾಯಿಪಾಠ ಮಾಡಿದ್ದ ದೇವರ ಪದ್ಯಗಳನ್ನು ರಾಗವಾಗಿ ಹೇಳಲು ಶುರುಮಾಡುತ್ತಿದ್ದರು. ಮೊದಮೊದಲು ಅತ್ತಿತ್ತಲಿನವರು ಗೊಣಗಿದ್ದುಂಟು. ಬರಬರುತ್ತ ನರಳುವವರು ನರಳಾಟ ನಿಲ್ಲಿಸಿ ಕೇಳತೊಡಗಿದರು. ನರ್ಸಮ್ಮ ಸೂಜಿಯ ಟ್ರೇ ಹಿಡಿದವರು ಹಾಗೇ ನಿಲ್ಲುತ್ತಿದ್ದರು.

“ಅರ್ಥ ನನಗೇನು ಗೊತ್ತಾಗ್ತಿತ್ತು? ನೆಲ ಒರೆಸ್ತಾ ಒರೆಸ್ತಾ ಕೇಳ್ತಿದ್ದೆ. ಅವರು ಉಸಿರು ತಗೊಳ್ಳೋ ಕಡೆ ನಾನೂ ಬಟ್ಟೆ ಹಿಂಡ್ತಿದ್ದೆ,” ಎನ್ನುತ್ತಾರೆ. “ಅವರು ಹೋದ ಮಾರನೇ ದಿನ ಇದೆಯಲ್ಲ, ಆ ಹೊತ್ತಿಗೆ ಸರಿಯಾಗಿ ವಾರ್ಡಿಗೆ ವಾರ್ಡೇ ಎಚ್ಚರವಾಗಿತ್ತು. ಎಲ್ಲರೂ ಮೂಲೆ ಕಡೆ ಮುಖ ತಿರುಗಿಸಿಕೊಂಡು ಮಲಗಿದ್ರು. ನಾನು ಆವತ್ತು ಆ ಮೂಲೆ ಒರೆಸ್ಲೇ ಇಲ್ಲ ನೋಡಿ.” ಪದಗಳೆಲ್ಲ ಒಂದೊಂದಾಗಿ ಉದುರಿಹೋದವಂತೆ. ರಾಗ ಉಳಿದಿದೆ. ದೇವರಿಗೆ ಮಾತೇ ಬೇಕೆಂದಿದ್ದರೆ ನಾಯಿಗಳ ಗತಿ ಏನಾಗಬೇಕಿತ್ತು ಎಂದು ಆಕೆ ಕೇಳುತ್ತಾರೆ.

ಹಳೆಯ ಕಟ್ಟಡ ಕೆಡವಿದಾಗ ಮಂಚಗಳನ್ನು ಗುಜರಿಗೆ ಹಾಕಿದರು. ಅದರಲ್ಲೊಂದನ್ನು ವಾರ್ಡಮ್ಮ ಕೇಳಿ ಪಡೆದು ತಂದರು. ಮನೆಯಲ್ಲಿ ಇಬ್ಬರಿಗೂ ಮಲಗಲು ಮಂಚವಿತ್ತು, ಇದೇಕೆ ಎಂದು ತಂಗಿ ಕೇಳಿದರು. ಕೆಲವೇ ದಿನಗಳಲ್ಲಿ ಉತ್ತರ ತಾನೇ ಬಂತು. ವಾರ್ಡಿನ ಬಾಗಿಲಲ್ಲಿ ವರ್ಷಗಟ್ಟಲೆ ಮಲಗುತ್ತಿದ್ದ ಮುದಿ ನಾಯಿಯೊಂದು, ಬಾಗಿಲೇ ಇಲ್ಲವಾದ ಮೇಲೆ ರಸ್ತೆಗೆ ಬಿದ್ದು, ಗಾಡಿಯ ಚಕ್ರಕ್ಕೆ ಸಿಕ್ಕಿತ್ತು. ಆಸ್ಪತ್ರೆಯ ಕಾವಲುಗಾರ ಅದನ್ನು ಹೊತ್ತುಕೊಂಡು ಬಂದು ಈ ಹೊಸ್ತಿಲಲ್ಲಿ ಇಟ್ಟ. ನಿಮ್ಮ ಹಿಂದೆ ಹಿಂದೆ ಸುತ್ತುತ್ತಿದ್ದದ್ದು, ನೀವೇ ನೋಡಿಕೊಳ್ಳಿ ಎಂದ.

“ನನಗೆ ನಾಯಿ ಬಗ್ಗೆ ಏನೂ ಗೊತ್ತಿರ್ಲಿಲ್ಲ. ಈಗ್ಲೂ ಅಷ್ಟೇ. ಹಾಸಿಗೆ ಹಿಡಿದೋರು ಗೊತ್ತು, ಅಷ್ಟೇ,” ಎನ್ನುತ್ತಾರೆ ವಾರ್ಡಮ್ಮ.

ಆ ನಾಯಿ ಬದುಕಲಿಲ್ಲ. ಮಂಚದ ಮೇಲೆ, ಒಣಬಟ್ಟೆಯಲ್ಲಿ, ಆಕೆಯ ಅಂಗೈ ಮೇಲೆ ತಲೆಯಿಟ್ಟು ಹೋಯಿತು. ಅಲ್ಲಿಂದೀಚೆಗೆ ಬಂದವುಗಳಲ್ಲಿ ಎದ್ದು ಹೋದವೂ ಇವೆ, ಹಾಗೇ ಹೋದವೂ ಇವೆ. ಯಾವುದು ಹೆಚ್ಚು ಎಂದು ಆಕೆ ಲೆಕ್ಕ ಇಟ್ಟಿಲ್ಲ. “ಸಾಯೋದನ್ನ ತಡೆಯೋಕೆ ನಾನ್ಯಾರು? ಆದ್ರೆ ಒದ್ದೆಯಲ್ಲಿ ಸಾಯಬಾರ್ದು. ಯಾರೂ ಇಲ್ಲದ ಕೋಣೆಯಲ್ಲಿ ಸಾಯಬಾರ್ದು. ಅಷ್ಟು ನನ್ನ ಕೈಯಲ್ಲಿದೆ.”

ಕಷ್ಟಗಳನ್ನು ಆಕೆ ತಾವಾಗಿ ಹೇಳುವುದಿಲ್ಲ. ತಂಗಿ ಹೇಳುತ್ತಾರೆ. ಮಾಳಿಗೆಯವರು ವಾಸನೆಯೆಂದು ಜಗಳ ತೆಗೆದದ್ದು. ಮನೆಯ ಯಜಮಾನ ಖಾಲಿ ಮಾಡಿಸಲು ಬಂದವನು, ಅದೇ ಹೊತ್ತಿಗೆ ಪ್ರಾಣ ಬಿಡುತ್ತಿದ್ದ ಒಂದು ಮರಿಯ ಮುಂದೆ ಚಪ್ಪಲಿ ಬಿಟ್ಟು ನಿಂತು, ಬಂದ ಕೆಲಸ ಹೇಳದೆ ಹಿಂದಿರುಗಿದ್ದು. ಅಕ್ಕನ ಮೊಣಕಾಲು ಊದಿ ಮೆಟ್ಟಿಲು ಹತ್ತಲಾಗದ್ದು. “ಇವಳ ಮೊಣಕಾಲಿಗೆ ಎಣ್ಣೆ ಹಚ್ಚೋಳು ನಾನು. ಇವಳು ನಾಯಿ ಮೊಣಕಾಲಿಗೆ ಎಣ್ಣೆ ಹಚ್ಚೋಳು. ನನ್ನ ಮೊಣಕಾಲಿಗೆ ಒಂದು ನಾಯಿನೇ ಹಚ್ಬೇಕು,” ಎನ್ನುವ ತಂಗಿ ಹಗಲೆಲ್ಲ ಹೊಲಿಗೆ ಯಂತ್ರ ತುಳಿಯುತ್ತಾರೆ. ಮಂಚಕ್ಕೆ ಹಾಸುವ ಬಟ್ಟೆಗಳಿಗೆಲ್ಲ ಅಂಚು ಕಟ್ಟಿಕೊಡುವವರೂ ಅವರೇ. ಹಾಗೆಂದು ಹೇಳಿದರೆ ಒಪ್ಪುವುದಿಲ್ಲ.

ಬೂದಿ ಈ ಮನೆಗೆ ಬಂದದ್ದು ಇಸ್ತ್ರಿಯವನ ತೋಳಿನ ಮೇಲೆ. ಬೀದಿಯ ತಿರುವಿನಲ್ಲಿ, ಒಂದು ಕಟ್ಟಡದ ಮೆಟ್ಟಿಲ ಕೆಳಗೆ ಅವನ ಅಂಗಡಿ. ಅಂಗಡಿ ಎಂದರೆ ಒಂದು ಮೇಜು, ಇದ್ದಿಲಿನ ಇಸ್ತ್ರಿ ಪೆಟ್ಟಿಗೆ, ಮಡಿಸಿಟ್ಟ ಬಟ್ಟೆಗಳ ಗಂಟು. ಮೇಜಿನ ಹಿಂದೆ ಅವನು ಸುರಿಯುತ್ತಿದ್ದ ಬೂದಿಯ ಗುಡ್ಡೆಯಲ್ಲಿ, ಬೆಚ್ಚಗೆ ಹುದುಗಿಕೊಂಡಿದ್ದ ಮರಿಯನ್ನು ಮೊದಲು ಕಂಡವಳು ಅವನ ಹೆಂಡತಿ. ಸೆರಗಿನಿಂದ ಒರೆಸಿದಳು. ಒರೆಸಿದಷ್ಟೂ ಬೂದಿಯೇ. ಎಷ್ಟು ಒರೆಸಿದರೂ ಹೋಗದಲ್ಲ ಎಂದು ನಕ್ಕು ಅದನ್ನೇ ಹೆಸರು ಮಾಡಿದಳು. ಆ ಹೆಂಡತಿ ಈಗಿಲ್ಲ. ಸಂಜೆ ಅವಳು ಚಹಾ ತರುತ್ತಿದ್ದ ಹೊತ್ತಿಗೆ ಬೂದಿ ಮಾತ್ರ ಮೇಜಿನ ಕೆಳಗಿಂದ ಎದ್ದು ತಿರುವಿನವರೆಗೆ ಹೋಗಿ ನಿಂತು ಬರುತ್ತಿತ್ತು. ಇಸ್ತ್ರಿಯವನು ಪೆಟ್ಟಿಗೆಯನ್ನು ಬಟ್ಟೆಯ ಮೇಲಿಂದ ಎತ್ತಿ, ಅದು ತಿರುಗಿ ಬರುವವರೆಗೂ ಕಾಯುತ್ತಿದ್ದ.

ಜ್ವರ ಹಿಡಿದಾಗ, ಪ್ರಾಣಿಗಳ ಆಸ್ಪತ್ರೆಯ ಡಾಕ್ಟರು ಬೂದಿಯನ್ನು ಪರೀಕ್ಷೆ ಮಾಡಿ, ದಾಖಲಿಸಿ ರಕ್ತ ಕೊಡಿಸಿದರೆ ಒಳ್ಳೆಯದು ಎಂದರು. ಅದಕ್ಕೆ ಎಷ್ಟಾಗುತ್ತದೆಂದು ಕೇಳಿಕೊಂಡು ಅವನು ಹೊರಗೆ ಬಂದ. ಮಾತ್ರೆಗಳಷ್ಟನ್ನು ಕೊಂಡು, ನಾಯಿಯನ್ನು ಎತ್ತಿಕೊಂಡು ವಾರ್ಡಮ್ಮನ ಹಿತ್ತಿಲಿಗೆ ಬಂದು, ಮಂಚದ ಮೇಲೆ ಮಲಗಿಸಿ ಕೈ ಮುಗಿದ.

“ಇಲ್ಲೇ ಇರ್ಲಿ ಅಮ್ಮ. ನಾನು ಹೋಗ್ತೀನಿ. ಮುಗಿದ ಮೇಲೆ ಹೇಳಿ ಕಳಿಸಿ.”

“ಹೇಳಿ ಕಳಿಸೋಕೆ ನನ್ನ ಹತ್ರ ಆಳಿಲ್ಲ ಕಣಪ್ಪ. ನೀನೇ ದಿನಾ ಬಂದು ಕೂತ್ಕೋ.”

“ಒಂದು ಹಾಸಿಗೆ ಪಕ್ಕ ಕೂತಿದ್ದೇ ಸಾಕಾಗಿದೆ ಅಮ್ಮ. ಇನ್ನೊಂದ್ಸಲ ನನ್ನ ಕೈಲಿ ಆಗಲ್ಲ.”

ವಾರ್ಡಮ್ಮ ಅವನನ್ನು ಸಮಾಧಾನ ಮಾಡಲು ಹೋಗಲಿಲ್ಲ. ಮಂಚದ ಪಕ್ಕಕ್ಕೆ ಒಂದು ಸ್ಟೂಲು ತಂದಿಟ್ಟರು. “ನಾಯಿನ ನಾನು ನೋಡ್ಕೋತೀನಿ. ಅದು ನೋಡ್ಬೇಕಾಗಿರೋದು ನಿನ್ನ. ಅದಕ್ಕೆ ನಾನೇನು ಮಾಡ್ಲಿ?” ಎಂದರು. ಈ ಕೋಣೆಯಲ್ಲಿ ಅವರ ಕಟ್ಟಳೆಗಳಿವೆ. ನಾಯಿಯ ಮನೆಯವರು ದಿನಕ್ಕೊಮ್ಮೆಯಾದರೂ ಬಂದು ಕೈಯಾರೆ ಉಣಿಸಬೇಕು. ಅಳುವುದಿದ್ದರೆ ಹೊರಗೆ ಹೋಗಿ ಅತ್ತು, ಮುಖ ತೊಳೆದು ಬರಬೇಕು. ಹೋಗುವಾಗ ತಾವು ತೊಟ್ಟ ಬಟ್ಟೆಯೊಂದನ್ನು ನಾಯಿಯ ಮೂಗಿನ ಹತ್ತಿರ ಬಿಟ್ಟು ಹೋಗಬೇಕು. ಇದೆಲ್ಲ ವಾರ್ಡಿನಲ್ಲಿ ಕಲಿತದ್ದು. ತಾಯಿಯ ಸೀರೆ ಹೊದ್ದ ಮಗು ಬೇಗ ನಿದ್ದೆ ಹೋಗುತ್ತಿತ್ತಂತೆ.

ಇಸ್ತ್ರಿಯವನು ಮರುದಿನ ಬಂದ. ಮಂಚದ ಕಡೆ ನೋಡದೆ ಸ್ಟೂಲಿನ ತುದಿಯಲ್ಲಿ ಕೂತ. ಕಾಗದದಲ್ಲಿ ಸುತ್ತಿ ತಂದಿದ್ದ ಅಂಗಿಯನ್ನು ವಾರ್ಡಮ್ಮನ ಕೈಗೆ ಕೊಟ್ಟ. ಒಗೆದು, ಗಂಜಿ ಹಾಕಿ, ಕಾಲರು ನೆಟ್ಟಗೆ ನಿಲ್ಲುವಂತೆ ಇಸ್ತ್ರಿ ಮಾಡಿದ ಅಂಗಿ. ಬೂದಿ ಅದನ್ನು ಒಮ್ಮೆ ಮೂಸಿ ಗೋಡೆಯ ಕಡೆ ಮುಖ ತಿರುಗಿಸಿತು. ಬೇಯಿಸಿ ಅರೆದ ಕೋಳಿಯನ್ನು ಬಾಯಿಗೆ ಸವರಿದರೂ ಹೊರಗೆ ತಳ್ಳಿತು. ವಾರ್ಡಮ್ಮ ಅಂಗಿಯನ್ನು ತಾವೂ ಮೂಸಿ ನೋಡಿದರು.

“ಇದರಲ್ಲಿ ನೀನೆಲ್ಲಿದ್ದೀಯ? ಬರೀ ಗಂಜಿ ಇದೆ.”

“ಕೊಳೆ ಬಟ್ಟೆ ತಂದು ಇನ್ನೊಬ್ಬರ ಮನೆಯಲ್ಲಿ ಇಡೋದಾ ಅಮ್ಮ? ಇಷ್ಟು ವರ್ಷದಲ್ಲಿ ಒಂದು ಸುಕ್ಕಿರೋ ಬಟ್ಟೆ ಯಾರ ಬಾಗಿಲಿಗೂ ಕೊಟ್ಟೋನಲ್ಲ ನಾನು.”

“ನಾಯಿಗೇನು ಮದುವೆ ಮನೆಗೆ ಹೋಗೋದಿದೆಯಾ? ತೊಟ್ಟು ಬೆವರಿರೋದು ತಗೊಂಡು ಬಾ.”

ಅದರ ಮಾರನೆಯ ದಿನ ಇನ್ನೊಂದು ಅಂಗಿ ಬಂತು. ಅದೂ ಗರಿಗರಿ. ತೊಟ್ಟಿದ್ದೆಯೇನೋ ಎಂದರೆ, ತೊಟ್ಟಿದ್ದೆ, ಇಡೀ ದಿನ ಬೆಂಕಿಯ ಮುಂದೆ ನಿಂತು ಕೆಲಸ ಮಾಡಿದ್ದೆ ಎಂದ. ಮತ್ತೆ?

“ಬರೋವಾಗ ಸುಮ್ನೆ ಒಂದ್ಸಲ ಪೆಟ್ಟಿಗೆ ಆಡಿಸ್ದೆ ಅಮ್ಮ. ಕೈ ಕೇಳ್ಲಿಲ್ಲ.”

ಇಸ್ತ್ರಿಯ ಕೆಂಡ ಅವನ ಬೆವರನ್ನೆಲ್ಲ ಹೊಗೆಯಾಗಿಸಿ, ಅಂಗಿಗೆ ಸುಟ್ಟ ಇದ್ದಿಲಿನ ವಾಸನೆಯನ್ನಷ್ಟೇ ಬಿಟ್ಟಿತ್ತು. ಬೂದಿ ಎರಡು ದಿನದಿಂದ ಏನೂ ತಿಂದಿರಲಿಲ್ಲ. ಖಾಲಿ ಹೊಟ್ಟೆಗೆ ಮಾತ್ರೆ ಹಾಕಿದರೆ ವಾಂತಿ. ಇವತ್ತು ತಿನ್ನದಿದ್ದರೆ ನಾಳೆಗೆ ಹೇಳಲಾಗದು ಎಂದು ವಾರ್ಡಮ್ಮ ಮೆಲ್ಲಗೆ ಹೇಳಿದರು. ಅಷ್ಟರಲ್ಲಿ ಕತ್ತರಿ ಹಿಡಿದುಕೊಂಡೇ ತಂಗಿ ಬಾಗಿಲಿಗೆ ಬಂದರು.

“ಅಯ್ಯೋ, ಇಬ್ಬರೂ ಸೇರಿ ಅದೇನು ಪಂಚಾಯ್ತಿ ಮಾಡ್ತಿದ್ದೀರಿ? ಮೈಮೇಲಿರೋದು ಬಿಚ್ಚಯ್ಯ!”

“ಅಕ್ಕಾ, ಇಲ್ಲೇನಾ?”

“ಇಲ್ಲದೆ ಇನ್ನೇನು ಚಂದ್ರಲೋಕದಲ್ಲಾ? ನಾನೇನು ಗಂಡಸರ ಅಂಗಿ ಅಳತೆ ತಗೊಳ್ದೇ ಇರೋಳಾ? ಬಿಚ್ಚು.”

ಇಸ್ತ್ರಿಯವನು ಗೋಡೆಗೆ ತಿರುಗಿ ಗುಂಡಿ ಬಿಚ್ಚಿದ. ಬೆವರಿನಿಂದ ಬೆನ್ನಿಗಂಟಿದ್ದ ಅಂಗಿಯನ್ನು, ಮಡಿಸಲೂ ಬಿಡದೆ, ವಾರ್ಡಮ್ಮ ಕಸಿದುಕೊಂಡು ಬೂದಿಯ ಕತ್ತಿನ ಕೆಳಗೆ ತುರುಕಿದರು. ನಾಯಿ ಕಣ್ಣು ತೆರೆಯಲಿಲ್ಲ. ಮೂಗು ಮಾತ್ರ ಕದಲಿತು. ತೋಳಿನ ಕಡೆಗೆ, ಕಂಕುಳ ಹೊಲಿಗೆಯ ಕಡೆಗೆ ಸ್ವಲ್ಪ ಸ್ವಲ್ಪವೇ ಸರಿದು, ಅಲ್ಲಿ ಮೂಗನ್ನು ಹುದುಗಿಸಿ ದೀರ್ಘವಾಗಿ ಉಸಿರೆಳೆದುಕೊಂಡಿತು. ವಾರ್ಡಮ್ಮ ಬಟ್ಟಲನ್ನು ಇಸ್ತ್ರಿಯವನ ಕೈಗೆ ಕೊಟ್ಟರು. ಅವನು ಬೆರಳ ತುದಿಯಲ್ಲಿ ಮಾಂಸ ತೆಗೆದು ಅದರ ಬಾಯ ಹತ್ತಿರ ಹಿಡಿದ. ಇಲ್ಲಿಗೆ ತಂದ ಮೇಲೆ ಮೊದಲ ಸಲ ಅದರ ಮುಖ ನೋಡಿದ. ಬೂದಿ ಬೆರಳನ್ನು ನೆಕ್ಕಿತು. ಆಮೇಲೆ ಬೆರಳ ಮೇಲಿದ್ದದ್ದನ್ನು ತಿಂದಿತು.

ಇಸ್ತ್ರಿಯವನು ಎದ್ದು ನಲ್ಲಿಯ ಹತ್ತಿರ ಹೋಗಿ ಬಹಳ ಹೊತ್ತು ಮುಖ ತೊಳೆದ. ಆ ದಿನ ಅವನು ಬನಿಯನ್ನಿನಲ್ಲೇ ಬೀದಿ ದಾಟಿ ಹೋದದ್ದನ್ನು ಜನ ಇವತ್ತಿಗೂ ಆಡಿಕೊಳ್ಳುತ್ತಾರೆ. ಊರಿಗೆಲ್ಲ ಅಂಗಿ ಕೊಡುವವನಿಗೆ ಅಂಗಿಯಿಲ್ಲವೇ ಎಂದು ಎದುರಂಗಡಿಯವರು ಕೂಗಿದರೆ, “ನಮ್ಮನೆಯವರು ಹಾಕ್ಕೊಂಡು ಮಲಗಿದ್ದಾರೆ,” ಎಂದನಂತೆ.

ಅಲ್ಲಿಂದ ಮುಂದೆ ದಾರಿ ನೆಟ್ಟಗಿತ್ತೆಂದಲ್ಲ. ಒಂದು ದಿನ ಜ್ವರ ಇಳಿದರೆ ಇನ್ನೊಂದು ದಿನ ಏರಿತು. ಮೂಗಿನಲ್ಲಿ ರಕ್ತ ಕಂಡ ಸಂಜೆ ವಾರ್ಡಮ್ಮ ಮಂಚದ ಪಕ್ಕ ಬಿಟ್ಟು ಏಳಲಿಲ್ಲ. ಚಿಕಿತ್ಸಾಲಯಕ್ಕೆ ಹೋಗುವ ದಾರಿಯಲ್ಲಿ ಆಗಾಗ ಇಳಿದು ನೋಡುವ ಪಶುವೈದ್ಯೆ ಮಾತ್ರೆ ಬದಲಿಸಿದರು. ಹೆಚ್ಚೇನನ್ನೂ ಆಶಿಸಬೇಡಿ ಎಂದು ಇಸ್ತ್ರಿಯವನಿಗೆ ಮುಚ್ಚುಮರೆಯಿಲ್ಲದೆ ಹೇಳಿದರು. ವಾರ್ಡಮ್ಮನ ಬಗ್ಗೆ ಕೇಳಿದರೆ ವೈದ್ಯೆಯ ಮಾತು ಹೀಗಿದೆ: “ನಾನು ಔಷಧಿ ಬರೀಬಹುದು. ಪಕ್ಕದಲ್ಲಿ ಕೂತು ಒದ್ದೆ ಬಟ್ಟೆ ಬದಲಾಯಿಸೋಕೆ ನನಗೆ ಪುರುಸೊತ್ತಿಲ್ಲ. ಆ ಕೆಲಸ ಮಾಡೋರಿದ್ರೆ ನನ್ನ ಔಷಧಿಗೆ ಬೆಲೆ.” ವಾರ್ಡಮ್ಮನೂ ವೈದ್ಯೆಯನ್ನು ಕೇಳದೆ ಒಂದು ಚಿಟಿಕೆ ಪುಡಿ ಸಹ ಹಾಕುವವರಲ್ಲ. ಯಾರಾದರೂ ಮನೆಮದ್ದು ತಂದುಕೊಟ್ಟರೆ ಕೈಮುಗಿದು ತೆಗೆದುಕೊಂಡು ಚರಂಡಿಗೆ ಚೆಲ್ಲುತ್ತಾರೆ.

ಇಸ್ತ್ರಿಯವನು ಮೊದಲು ಸ್ಟೂಲಿನ ತುದಿಯಲ್ಲಿ ಕೂರುತ್ತಿದ್ದವನು ಪೂರ್ತಿಯಾಗಿ ಕೂರತೊಡಗಿದ. ಆಮೇಲೆ ಸ್ಟೂಲು ಬಿಟ್ಟು ಮಂಚದ ಅಂಚಿಗೆ ಬಂದ. ಬೂದಿಯ ಕಿವಿಯ ಹಿಂದೆ ಕೆರೆಯುತ್ತ, ಹೆಂಡತಿ ಅದನ್ನು ಬೈಯುತ್ತಿದ್ದ ಬೈಗುಳಗಳನ್ನೆಲ್ಲ ಒಂದೊಂದಾಗಿ ನೆನಪಿಸಿಕೊಂಡು ಹೇಳುತ್ತಾನೆ. ಹಾಳಾದವನೇ, ಹೊಟ್ಟೆಬಾಕ, ಚಹಾದ ಲೋಟಕ್ಕೆ ಬಾಯಿ ಹಾಕ್ತೀಯಾ. ಬೈಗುಳಕ್ಕೊಮ್ಮೆ ನಾಯಿಯ ಬಾಲದ ತುದಿ ಮಂಚದ ಮೇಲೆ ಒಂದು ಪೆಟ್ಟು ಹಾಕುತ್ತದೆ. ಮನೆಗೆ ಹೋಗುವಾಗ ಒಗೆದ ದುಪ್ಪಟಿಗಳನ್ನು ಕೇಳದೆ ಎತ್ತಿಕೊಂಡು ಹೋಗಿ, ಇಸ್ತ್ರಿ ಹೊಡೆದು ಬೆಳಿಗ್ಗೆ ತರುತ್ತಾನೆ. ಬಿಸಿಗೆ ಕ್ರಿಮಿಯೂ ಉಳಿಯುವುದಿಲ್ಲ, ಉಣ್ಣಿಯ ಮೊಟ್ಟೆಯೂ ಉಳಿಯುವುದಿಲ್ಲ. ಈ ಹಾಸಿಗೆಯ ಮಟ್ಟಿಗೆ ಅವನ ಕೈಚಳಕಕ್ಕೆ ಯಾರ ತಕರಾರೂ ಇಲ್ಲ.

ಬೂದಿ ಎದ್ದು ನಿಂತದ್ದು ಒಂದು ಬೆಳಿಗ್ಗೆ, ಯಾರೂ ನೋಡದಿದ್ದಾಗ. ವಾರ್ಡಮ್ಮ ಬಾಗಿಲು ತೆರೆದಾಗ ಅದು ಮಂಚದ ಮೇಲೆ ನಾಲ್ಕೂ ಕಾಲಲ್ಲಿ, ಹೊಸದಾಗಿ ಹುಟ್ಟಿದ ಕರುವಿನಂತೆ ತೂಗಾಡುತ್ತ ನಿಂತಿತ್ತು. ಆಕೆ ಕೂಗಲಿಲ್ಲ, ಹತ್ತಿರ ಹೋಗಲಿಲ್ಲ. ಹೊಸ್ತಿಲಲ್ಲೇ ನಿಂತು ಕಣ್ಮುಚ್ಚಿ, ಯಾರಿಗೆ ಹೇಳಬೇಕೋ ಅವರಿಗೆ ಏನು ಹೇಳಬೇಕೋ ಅದನ್ನು ಹೇಳಿದರು. ಆಮೇಲೆ ತಂಗಿಯನ್ನು ಕರೆದರು. ತಂಗಿ ಬಂದು ನೋಡಿ, “ಸದ್ಯ, ಒಬ್ಬರಾದ್ರೂ ಈ ಮನೆಯಲ್ಲಿ ಹೊತ್ತಿಗೆ ಸರಿಯಾಗಿ ಎದ್ರಲ್ಲ,” ಎಂದು ಮೂಗು ಸೀಟಿಕೊಂಡರು.

ವೈದ್ಯೆ ಬಂದು ಒಸಡು ನೋಡಿ, ಇನ್ನು ಮನೆಗೆ ಕರೆದೊಯ್ಯಬಹುದು ಎಂದಿದ್ದಾರೆ. ಮಾತ್ರೆ ಇನ್ನೂ ಕೆಲವು ವಾರ. ಇವತ್ತು ಇಸ್ತ್ರಿಯವನು ಅಂಗಡಿ ತೆರೆಯದೆ ನೇರವಾಗಿ ಬಂದಿದ್ದಾನೆ. ಬೂದಿ ಹಿತ್ತಿಲಲ್ಲಿ ಬಿಸಿಲು ಬಿದ್ದ ಕಡೆ ನಿಂತು, ಹಿಂಗಾಲು ಸ್ವಲ್ಪ ಎಳೆಯುತ್ತ, ಗೋಡೆಯುದ್ದಕ್ಕೂ ಮೂಸುತ್ತಿದೆ. ವಾರ್ಡಮ್ಮ ಹಾಸಿಗೆ ಕಳಚುತ್ತಾರೆ. ಹತ್ತಿಯ ಸಿಂಬಿಗಳನ್ನು ಬಿಚ್ಚಿ ಹರಡುತ್ತಾರೆ. ಮಾತ್ರೆಗಳನ್ನು ಯಾವ ಹೊತ್ತಿಗೆ ಯಾವುದೆಂದು ಅವನಿಗೆ ಹೇಳಿಕೊಡುತ್ತಾರೆ. ಹೇಳಿದ್ದನ್ನೇ ಮತ್ತೆ ಹೇಳುತ್ತಾರೆ. ಅವನು ತಲೆಯಾಡಿಸಿ ಹಗ್ಗ ಕೈಗೆತ್ತಿಕೊಂಡಾಗ, ಒರೆಸಿದ ಕೈಯನ್ನೇ ಮತ್ತೆ ಸೆರಗಿಗೆ ಒರೆಸುತ್ತ ನಿಲ್ಲುತ್ತಾರೆ.

“ಒಂದು ಮಾತು ಕೇಳ್ಲೇನಪ್ಪ?”

“ಕೇಳಿ ಅಮ್ಮ.”

“ಇಲ್ಲಿವರೆಗೂ ಯಾರನ್ನೂ ಏನೂ ಕೇಳಿದೋಳಲ್ಲ ನಾನು. ವಾರ್ಡಲ್ಲೂ ಅಷ್ಟೇ, ಇಲ್ಲೂ ಅಷ್ಟೇ. ಬಂದೋರು ವಾಸಿಯಾಗಿ ಹೋಗ್ತಾರೆ, ಇಲ್ಲಾಂದ್ರೆ ಹಾಗೇ ಹೋಗ್ತಾರೆ. ಉಳ್ಕೊಂಡೋರು ಅಂತ ಒಬ್ಬರೂ ಇಲ್ಲ.” ಆಕೆ ಬೂದಿಯ ಕಡೆ ನೋಡುತ್ತಾರೆ. “ಇದನ್ನ ನನ್ನ ಹತ್ರ ಬಿಡ್ತೀಯಾ? ನಿನ್ನ ಅಂಗಡಿ ಎರಡು ಹೆಜ್ಜೆ. ಬೇಕಾದಾಗ ಬಂದು ನೋಡು.”

ಹೊಲಿಗೆ ಯಂತ್ರದ ಸದ್ದು ಒಳಗೆ ನಿಲ್ಲುತ್ತದೆ. ಇಸ್ತ್ರಿಯವನು ಹಗ್ಗವನ್ನು ಕೈಗೆ ಸುತ್ತಿಕೊಳ್ಳುತ್ತಾನೆ, ಬಿಚ್ಚುತ್ತಾನೆ, ಮತ್ತೆ ಸುತ್ತಿಕೊಳ್ಳುತ್ತಾನೆ. ಬಾಗಿ ಆಕೆಯ ಪಾದ ಮುಟ್ಟುತ್ತಾನೆ. ಎದ್ದು ನಿಂತಾಗ ಅವನ ಕಣ್ಣು ಒದ್ದೆಯಾಗಿದೆ, ದನಿ ಮಾತ್ರ ಗಟ್ಟಿಯಾಗಿದೆ.

“ನನ್ನ ಅಂಗಡಿ ಕೇಳಿ ಅಮ್ಮ, ಬರ್ಕೊಡ್ತೀನಿ. ಇವನನ್ನ ಮಾತ್ರ ಕೇಳ್ಬೇಡಿ. ಕೊಡಲ್ಲ.”